ಸಿಡಿಯದ ಉಪ್ಪು

ಹೋದ ಬೇಸಿಗೆಯಲ್ಲಿ ಮಾವಿನಕಾಯಿ ಉಪ್ಪಿನಕಾಯಿಗೆಂದು ನಾನು ಕಲ್ಲುಪ್ಪು ಹುರಿಯುತ್ತಿದ್ದೆ. ಮೊಮ್ಮಕ್ಕಳಲ್ಲಿ ದೊಡ್ಡವಳಾದ ನೀನು ಪಕ್ಕದಲ್ಲೇ ನಿಂತಿದ್ದೆ. ಬಾಣಲೆಯಿಂದ ಒಂದು ಹರಳು ಪಟ್ ಎಂದು ಹಾರಿ ನಿನ್ನ ಮೊಣಕೈಗೆ ತಗಲಿತು. "ಅಜ್ಜೀ, ಉಪ್ಪು ಯಾಕೆ ಹಿಂಗೆ ಸಿಡೀತದೆ?" ಎಂದೆ. "ನಿನ್ ಮೇಲೆ ಕೋಪ ಅದಕ್ಕೆ" ಎಂದು ನಾನು ನಕ್ಕೆ. ನೀನು ನಗಲಿಲ್ಲ. ಶಾಲೆಗೆ ಹೋಗುವ ಮಕ್ಕಳಿಗೆ ಈಗ ಇಂಥ ಉತ್ತರ ಸಾಲುವುದಿಲ್ಲ. ಮೊಣಕೈ ಉಜ್ಜಿಕೊಳ್ಳುತ್ತಾ ನಿಜವಾದ ಉತ್ತರಕ್ಕೆ ಕಾದು ನಿಂತೆ.

ನಿಜವಾದ ಉತ್ತರ ಬಹಳ ಚಿಕ್ಕದು. ಆದರೆ ಅಷ್ಟು ಚಿಕ್ಕದನ್ನು ಬಾಯಿ ಬಿಟ್ಟು ಹೇಳಲಾಗದೆ ಒಂದು ಕಾಲದಲ್ಲಿ ನಾನು ನಿನ್ನನ್ನೇ ಕಳೆದುಕೊಳ್ಳುವುದರಲ್ಲಿದ್ದೆ. ಕಳೆದುಕೊಳ್ಳುವುದೆಂದರೆ ಬಹಳ ದೂರಕ್ಕೇನಲ್ಲ, ಆಂಡರ್ಸನ್‌ಪೇಟೆಗೆ. ಬೂದಿಕೋಟೆ ಕಡೆಯಿಂದ ಬರುವ ಬಸ್ಸನ್ನು ನಮ್ಮೂರ ಗೇಟಿನಲ್ಲಿ ಹತ್ತಿ, ಬಂಗಾರಪೇಟೆಯಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿದರೆ ಮುಗಿಯಿತು. ಆದರೆ ಎರಡು ತಿಂಗಳ ಕೂಸನ್ನು ಅಜ್ಜಿಯ ಕಾಲ ಮೇಲಿಂದ ಎತ್ತಿಕೊಂಡು ಹೋದರೆ ಪಕ್ಕದ ಮನೆಗೆ ಒಯ್ದರೂ ದೂರವೇ.

ನನ್ನ ಸಂಗತಿ ನಿಮಗೆಲ್ಲ ಗೊತ್ತು. ನಾಲ್ಕು ಜನ ಕೂತಿರುವ ಕಡೆ ನನ್ನ ಮಾತು ಗಂಟಲು ದಾಟುವುದಿಲ್ಲ. ಊರ ಶಾಲೆಯಲ್ಲಿ ಹಾಜರಿ ಕೂಗುವಾಗಲೂ ನನ್ನ ಬದಲು ಪಕ್ಕದವಳೇ "ಬಂದವ್ಳೆ ಸಾ" ಎನ್ನುತ್ತಿದ್ದಳು. ಬರೆಯುವಾಗ ಆ ಕಷ್ಟವಿಲ್ಲ, ಕಾಗದ ನನ್ನ ಮುಖ ನೋಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮಗಳನ್ನು, ಅಂದರೆ ನಿನ್ನ ಅಮ್ಮನನ್ನು, ಮೊದಲ ಬಾಣಂತನಕ್ಕೆ ಕರೆತಂದಿದ್ದೆವು. ನಿಮ್ಮ ತಾತ ತೀರಿಹೋಗಿ ಆಗ ಬಹಳ ಕಾಲವೇನೂ ಆಗಿರಲಿಲ್ಲ. ಮನೆಯಲ್ಲಿ ನಾನು, ಮಗ, ಸೊಸೆ, ಕೊಟ್ಟಿಗೆಯಲ್ಲಿ ಎರಡು ಸೀಮೆಹಸು. ಐದನೇ ತಿಂಗಳಿಗೆ ಮಗು-ಬಾಣಂತಿಯನ್ನು ಗಂಡನ ಮನೆಗೆ ಕಳಿಸಿಕೊಡುವುದು ಎಂದು ಎರಡೂ ಕಡೆಯವರು ಮಾತಾಡಿಕೊಂಡಿದ್ದರು. ಅಲ್ಲಿಯವರೆಗೆ ನನಗೆ ಒಂದೇ ಕೆಲಸ. ಬಚ್ಚಲಲ್ಲಿ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ, ಹಂಡೆಯ ನೀರು ಹುಯ್ಯುವುದು. ಆಮೇಲೆ ಸಾಂಬ್ರಾಣಿ ಹೊಗೆ. ಆಮೇಲೆ ನಿದ್ದೆ. ಮಾತಾಡುವ ಅಗತ್ಯವೇ ಇಲ್ಲದ ಇಂಥ ಕೆಲಸ ನನಗೆ ಜೀವನದಲ್ಲಿ ಮತ್ತೊಂದು ಸಿಕ್ಕಿಲ್ಲ.

ತೊಂದರೆ ಏನೆಂದರೆ ನೀನು ಅಳುತ್ತಿದ್ದೆ. ಬೆಳಗ್ಗೆಯೆಲ್ಲ ಚೆನ್ನಾಗಿದ್ದು, ಹಾಲು ಕರೆಯುವ ಹೊತ್ತಾಯಿತೆಂದರೆ ಮುಷ್ಟಿ ಬಿಗಿದು, ಮುಖ ಕೆಂಪು ಮಾಡಿಕೊಂಡು ಶುರುಮಾಡುತ್ತಿದ್ದೆ. ಹೊಟ್ಟೆಯಲ್ಲಿ ವಾಯು ಎಂದು ನನಗೆ ಗೊತ್ತಿತ್ತು. ನನ್ನ ಇಬ್ಬರು ಮಕ್ಕಳೂ ಹಾಗೇ ಅತ್ತವರು. ಆರೋಗ್ಯ ಕೇಂದ್ರದ ನರ್ಸಮ್ಮನೂ ಅದನ್ನೇ ಹೇಳಿದರು. ಆದರೆ ವಾಯು ಎಂದರೆ ಯಾರಿಗೂ ಸಮಾಧಾನವಿಲ್ಲ. ವಾಯುವಿಗೆ ಹೆಸರಿಲ್ಲ, ಮನೆಯಿಲ್ಲ, ಅದರ ಜೊತೆ ಮಾತು ಬಿಡುವುದಕ್ಕೂ ಆಗುವುದಿಲ್ಲ. ದೃಷ್ಟಿ ಎಂದರೆ ಹಾಗಲ್ಲ. ಅದಕ್ಕೆ ಒಬ್ಬ ಮನುಷ್ಯ ಬೇಕು.

ಆ ಮನುಷ್ಯನನ್ನು ಹುಡುಕಿಕೊಡಲು ಬೀಗಿತ್ತಿ ಬಂದರು. ಅಂದರೆ ಮಗಳ ಅತ್ತೆ, ನಿನ್ನ ಇನ್ನೊಬ್ಬ ಅಜ್ಜಿ. ಅವರ ಯಜಮಾನರು ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದವರು. ಮದುವೆಯಾಗಿ ಬಂದಾಗಿನಿಂದ ಕೋರಮಂಡಲ್ ಲೈನಿನ ಗಣಿ ಕೆಲಸಗಾರರ ಸಾಲುಮನೆಯಲ್ಲಿದ್ದು, ಗಣಿ ಮುಚ್ಚಿದ ಮೇಲೆ ಆಂಡರ್ಸನ್‌ಪೇಟೆಯಲ್ಲಿ ಮನೆ ಮಾಡಿಕೊಂಡಿದ್ದರು. ಕನ್ನಡ, ತಮಿಳು, ತೆಲುಗು ಮೂರನ್ನೂ ಒಂದೇ ಉಸಿರಿನಲ್ಲಿ ಆಡುತ್ತಿದ್ದರು, ಮೂರರಲ್ಲೂ ಸೋತವರಲ್ಲ. ನನ್ನನ್ನು ಬೀಗಿತ್ತಿ ಎನ್ನದೆ ಅವರ ಕಡೆಯ ರೂಢಿಯಂತೆ "ಸಂಬಂಧಿ" ಎಂದು ಕರೆಯುತ್ತಿದ್ದರು. ಅವರ ಬೀದಿಯಲ್ಲಿ ಯಾರ ಮಗು ಅತ್ತರೂ, ಯಾರ ಸ್ಕೂಟರು ಕೆಟ್ಟರೂ ದೃಷ್ಟಿ ತೆಗೆಯುವುದಕ್ಕೆ ಇವರೇ ಆಗಬೇಕು. ತೆಗೆಯುವುದು ಯಾರಿಗೂ ಬರುತ್ತದೆ. ಇವರ ಹೆಚ್ಚುಗಾರಿಕೆ ಇದ್ದದ್ದು ಓದುವುದರಲ್ಲಿ. ಉಪ್ಪು ಬೆಂಕಿಗೆ ಬಿದ್ದು ಸಿಡಿಯುವ ಸದ್ದು ಕೇಳಿ ಯಾರ ಕಣ್ಣು ಎಂದು ಹೇಳಿಬಿಡುತ್ತಿದ್ದರು.

ಅದಕ್ಕೊಂದು ಲೆಕ್ಕವಿತ್ತು. ಚಿಟಚಿಟ ಎಂದರೆ ದಾರಿಯಲ್ಲಿ ಹೋಗುವವರ ಕಣ್ಣು. ಪಟಪಟ ಎಂದರೆ ಬೀದಿಯವರ ಕಣ್ಣು. ಢಬ್ ಎಂದು ಹರಳು ಒಲೆಯಿಂದಾಚೆ ಹಾರಿದರೆ ಮನೆಯೊಳಗಿನ ಕಣ್ಣು. ಜೊತೆಗೆ ಹಾಕಿದ ಒಣಮೆಣಸಿನಕಾಯಿ ಘಾಟು ಕೊಟ್ಟರೆ ದೃಷ್ಟಿ ಹೊರಡುತ್ತಿದೆ ಎಂದು ಅರ್ಥ, ಕೊಡದಿದ್ದರೆ ದೃಷ್ಟಿ ಕಾಲು ಚಾಚಿ ಮಲಗಿದೆ ಎಂದು ಅರ್ಥ. ದೃಷ್ಟಿಯೇ ಇಲ್ಲ ಎಂದು ಹೇಳುವುದಕ್ಕೆ ಆ ಲೆಕ್ಕದಲ್ಲಿ ಒಂದು ಸದ್ದನ್ನೂ ಇಟ್ಟಿರಲಿಲ್ಲ.

ಮೊದಲ ಭಾನುವಾರ ಸಂಜೆ ಬಂದವರು, ಬಚ್ಚಲ ಒಲೆಯಲ್ಲಿ ಕೆಂಡ ಮಾಡಿಸಿ, ನಮ್ಮ ಮಡಕೆಯಿಂದಲೇ ಕಲ್ಲುಪ್ಪು ತರಿಸಿದರು. ಮಗಳ ಮಡಿಲಲ್ಲಿ ಅಳುತ್ತಿದ್ದ ನಿನಗೆ ಮೇಲಿಂದ ಕೆಳಗೆ ನಿವಾಳಿಸಿ, ಕಂಡವರ ಕಣ್ಣು, ಕಾಣದವರ ಕಣ್ಣು, ಕುಂಟರ ಕಣ್ಣು, ಕಳ್ಳರ ಕಣ್ಣು ಎಂದು ಎಲ್ಲರನ್ನೂ ಒಮ್ಮೆ ನೆನೆದು ಒಲೆಗೆ ಹಾಕಿದರು. ಮಳೆಗಾಲದ ಉಪ್ಪು, ತೇವ ಕುಡಿದು ಕೂತಿತ್ತು. ದೀಪಾವಳಿ ಪಟಾಕಿಯಂತೆ ಸಿಡಿಯಿತು. ಒಂದು ಹರಳು ಹಾರಿ ಬಾಗಿಲ ಹಿಂದೆ ನಿಂತಿದ್ದ ನನ್ನ ಸೀರೆಯ ಅಂಚಿಗೆ ಬಂದು ಬಿತ್ತು.

"ನೋಡುದ್ರಾ?" ಎಂದರು ಬೀಗಿತ್ತಿ. "ಒಳಗಿನ್ ಕಣ್ಣು."

ಸೊಸೆ ಕೇಳಿದಳು, "ಒಳಗೆ ಅಂದ್ರೆ ಯಾರಮ್ಮ? ಇರೋರೇ ನಾವ್ ನಾಕ್ ಜನ."

"ನಾನ್ ಯಾರ್ ಎಸ್ರೂ ಯೇಳಲ್ಲ ತಾಯೀ. ಗಂಡ ಸತ್ತೋರ್ ಕಣ್ಣು ಅಂತ ಜನ ಯೇಳ್ತಾರೆ, ನಾನ್ ಅನ್ನಲ್ಲ. ಪಾಪ, ಬೇಕು ಅಂತ ಯಾರೂ ಆಕಲ್ಲ. ಮನಸ್ನಾಗೆ ಆಸೆ ಇರ್ತದೆ, ಕಣ್ಣಲ್ಲಿ ಬಂದ್ಬಿಡ್ತದೆ. ಅದನ್ನ ಉಪ್ಪು ಯೇಳ್ತದೆ, ನಾನಲ್ಲ."

ಹೆಸರು ಹೇಳದೆ ಇಷ್ಟು ಚೆನ್ನಾಗಿ ಹೆಸರು ಹೇಳಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. ಎಲ್ಲರೂ ಒಲೆ ಬಿಟ್ಟು ನನ್ನ ಸೀರೆಯಂಚು ನೋಡಿದರು. ನಾನು ಹರಳನ್ನು ಹೆಕ್ಕಿ ಕೈಯಲ್ಲಿ ಹಿಡಿದುಕೊಂಡೆ. ಬಿಸಿಯಿತ್ತು.

ತೀರ್ಮಾನ ಹೀಗಾಯಿತು. ನಾನು ಸಂಜೆ ಹೊತ್ತು ಕೂಸಿನ ಮುಂದೆ ಬರಬಾರದು, ಎರೆಯುವುದನ್ನು ಸೊಸೆಯೇ ಮಾಡಬೇಕು. ಅಮಾವಾಸ್ಯೆಯವರೆಗೆ ನೋಡುವುದು. ಅವತ್ತಿಗೂ ಉಪ್ಪು ಹೀಗೇ ಹೇಳಿದರೆ ಮಗು-ಬಾಣಂತಿ ಇಬ್ಬರನ್ನೂ ಆಂಡರ್ಸನ್‌ಪೇಟೆಗೆ ಕರೆದುಕೊಂಡು ಹೋಗುವುದು. ಅಳಿಯ ಬಂಗಾರಪೇಟೆಯ ಒಂದು ಕಬ್ಬಿಣದಂಗಡಿಯಲ್ಲಿ ಕೆಲಸಕ್ಕಿದ್ದ. ಫೋನು ಮಾಡಿ ಕೇಳಿದರೆ, "ಅಮ್ಮ ಯೇಳಿದ್ಮೇಲೆ ಸರಿ ಇರ್ತದೆ. ಅವರ್ದು ಇದುವರ್ಗೂ ಒಂದೂ ತಪ್ಪಾಗಿಲ್ಲ" ಎಂದ. ಒಂದೂ ತಪ್ಪಾಗಿರಲಿಲ್ಲ ನಿಜ. ಯಾವ ಉಪ್ಪೂ ಇದುವರೆಗೆ ಎದ್ದು ಬಂದು ನಾನು ಹಾಗೆ ಹೇಳಲೇ ಇಲ್ಲ ಎಂದಿರಲಿಲ್ಲ.

ಬೀಗಿತ್ತಿ ಊರಿಗೆ ಹೋದರೂ ಉಪ್ಪಿನ ಮೇಲಿನ ಉಸ್ತುವಾರಿ ಬಿಡಲಿಲ್ಲ. ಮಂಗಳವಾರ, ಭಾನುವಾರ ಸಂಜೆ ಫೋನಿನಲ್ಲಿ ಮುಖ ತೋರಿಸಿಕೊಂಡು ಕೂರುತ್ತಿದ್ದರು. ಇಲ್ಲಿ ಸೊಸೆ ಉಪ್ಪು ಹಾಕಬೇಕು, ಮಗ ಫೋನನ್ನು ಒಲೆಯ ಹತ್ತಿರ ಹಿಡಿಯಬೇಕು, ಅವರು ಅಲ್ಲಿ ಕಿವಿಗೊಟ್ಟು ಓದಬೇಕು. ಒಂದು ಮಂಗಳವಾರ ಮಗ ಕೊಟ್ಟಿಗೆಯಿಂದ ಬರುವುದು ತಡವಾಯಿತು. ಸೊಸೆ ಫೋನನ್ನು ಅಡುಗೆಮನೆಯ ಕಟ್ಟೆಯ ಮೇಲೆ ನಿಲ್ಲಿಸಿ ಸಾರಿಗೆ ಒಗ್ಗರಣೆ ಹಾಕಿದಳು.

ಫೋನಿನಿಂದ ಒಂದೇ ಕೂಗು. "ಅಯ್ಯಯ್ಯೋ! ಏನಮ್ಮಾ ಅದು, ಈ ಪಾಟಿ ಸಿಡೀತಾ ಅದೆ! ಬೀದಿ ಕಣ್ಣೂ ಸೇರ್ಕೊಂಡದೆ! ಮಗೀನ ಒಳಿಕ್ ಕರ್ಕೊಳಿ!"

"ಸಾಸ್ವೆ ಕಣಮ್ಮಾ," ಎಂದಳು ಸೊಸೆ. "ಸಾರ್ಗೆ ಒಗ್ರಣೆ."

ಬೀಗಿತ್ತಿ ಫೋನಿನಲ್ಲಿ ಸೆರಗು ಸರಿಮಾಡಿಕೊಂಡರು. ಆಮೇಲೆ, "ಸಾಸ್ವೇಲೂ ಒಂದೊಂದ್ ಸಲ ಕಾಣ್ತದೆ" ಎಂದು ಗಂಭೀರವಾದ ಉತ್ತರ ಬಂತು.

ಇನ್ನೊಂದು ದಿನ ಸೊಸೆ ಮಡಕೆಯ ಉಪ್ಪು ಎಟುಕದೆ ಪಾಕೆಟ್ಟಿನ ಪುಡಿಯುಪ್ಪು ಹಾಕಿದಳು. ಅದು ಸುಮ್ಮನೆ ಚುರ್ ಎಂದು ಮಲಗಿತು. ದೃಷ್ಟಿ ಹೋಯಿತೆಂದು ನನಗೆ ಒಂದು ಗಳಿಗೆ ಜೀವ ಬಂತು. "ಪಾಕೆಟ್ ಉಪ್ಪಲ್ಲಿ ಸತ್ಯ ಎಲ್ಲಿರ್ತದೆ? ಮಿಷನ್ನಾಗೆ ಆಕಿ ಪುಡಿ ಮಾಡ್ಬಿಟ್ಟವ್ರೆ" ಎಂದು ಬೀಗಿತ್ತಿ ಅದನ್ನು ಲೆಕ್ಕದಿಂದ ತೆಗೆದುಹಾಕಿದರು.

ಮಧ್ಯದಲ್ಲಿ ಪಟಿಕವೂ ಬಂತು. ಕೊಡದ ನೀರು ತಿಳಿಯಾಗಲೆಂದು ಹಾಕುತ್ತೇವಲ್ಲ, ಕ್ಷೌರದಂಗಡಿಯವರು ಗಡ್ಡ ಹೆರೆದ ಮೇಲೆ ತಿಕ್ಕುತ್ತಾರಲ್ಲ, ಅದೇ. ಉಪ್ಪು ಸದ್ದು ಮಾತ್ರ ಕೊಡುತ್ತದೆ, ಪಟಿಕ ಮುಖವನ್ನೇ ತೋರಿಸುತ್ತದಂತೆ. ಕೆಂಡದ ಮೇಲಿಟ್ಟರೆ ಅದು ಸಿಡಿಯಲಿಲ್ಲ. ಬುಸುಬುಸು ಎಂದು ಬೆವರಿ, ಹಿಟ್ಟು ಹುಳಿ ಬಂದಂತೆ ಉಬ್ಬಿ, ಬೆಳ್ಳಗೆ ಒಂದು ಗಡ್ಡೆಯಾಗಿ ನಿಂತಿತು. ಮನೆಮಂದಿಯೆಲ್ಲ ಬಗ್ಗಿ ನೋಡಿದರು. ಮಗನಿಗೆ ಅದರಲ್ಲಿ ಕೆಚ್ಚಲು ಕಂಡಿತು, ಅವನಿಗೆ ಎಲ್ಲದರಲ್ಲೂ ಕೆಚ್ಚಲೇ ಕಾಣುವುದು. ಸೊಸೆಗೆ ಹಾಲಿಗೆ ನೀರು ಬೆರೆಸಿದ್ದೀರೆಂದು ಹಿಂದಿನ ದಿನ ಜಗಳವಾಡಿದ್ದ ಡೇರಿಯವನ ಮೂಗು ಕಂಡಿತು. ಅಳಿಯನಿಗೆ ನೆಟ್‌ವರ್ಕ್ ಸಿಗದೆ ಏನೂ ಕಾಣಲಿಲ್ಲ. ಬೀಗಿತ್ತಿಗೆ ಮಾತ್ರ ಆಂಡರ್ಸನ್‌ಪೇಟೆಯಿಂದಲೇ ಸ್ಪಷ್ಟವಾಗಿ, ಹಣೆಯಲ್ಲಿ ಬೊಟ್ಟಿಲ್ಲದ ಹೆಂಗಸಿನ ಮುಖ ಕಂಡಿತು. ಬೆಳ್ಳನೆಯ ಪಟಿಕದ ಮೇಲೆ ಕೆಂಪು ಬೊಟ್ಟು ಎಲ್ಲಿಂದ ಬರಬೇಕಿತ್ತು ಎಂದು ನನಗೆ ಕೇಳಬೇಕೆನಿಸಿತು. ಅನಿಸಿದ್ದು ಅನಿಸಿದ ಜಾಗದಲ್ಲೇ ಉಳಿಯಿತು.

ಆ ದಿನಗಳಲ್ಲಿ ಸಂಜೆಯಾದರೆ ನಾನು ಕೊಟ್ಟಿಗೆಯಲ್ಲಿರುತ್ತಿದ್ದೆ. ಬಚ್ಚಲಿಂದ ನೀರು ಹುಯ್ಯುವ ಸದ್ದು, ನಿನ್ನ ಅಳು, "ಸುಮ್ಕಿರಮ್ಮಾ, ಸುಮ್ಕಿರು" ಎಂಬ ಸೊಸೆಯ ದನಿ ಎಲ್ಲ ಕೇಳಿಸುತ್ತಿತ್ತು. ಅವಳಿಗೆ ಆಗಿನ್ನೂ ಮಕ್ಕಳಾಗಿರಲಿಲ್ಲ, ಕೂಸನ್ನು ಮಗುಚುವುದಕ್ಕೇ ಹೆದರುತ್ತಿದ್ದಳು. ನೀರು ಜಾಸ್ತಿ ಬಿಸಿ ಇದೆಯೇನೋ, ಕತ್ತು ಹಿಡಿದಿದ್ದಾಳೋ ಇಲ್ಲವೋ ಎಂದು ನನ್ನ ಕೈ ತಾನಾಗಿ ಆಡುತ್ತಿತ್ತು. ಹಸುವಿನ ಬೆನ್ನಿಗೆ ಎಣ್ಣೆಯಿಲ್ಲದೆ ತಿಕ್ಕುತ್ತಿದ್ದೆ. ಹಸು ತಿರುಗಿ ನೋಡುತ್ತಿತ್ತು.

ಮಗಳು ಒಂದು ಮಧ್ಯಾಹ್ನ ಹತ್ತಿರ ಬಂದು ಕೂತಳು. "ಅಮ್ಮಾ, ನೀನ್ ಬಾಯ್ ಬಿಟ್ಟು ಯೇಳ್ಬಾರ್ದಾ? ನಾನ್ ಯೇಳಿದ್ರೆ ತೌರುಮನೆ ಕಡೀಗ್ ಮಾತಾಡ್ತಾಳೆ ಅಂತಾರೆ."

"ಏನಂತ ಯೇಳ್ಲಿ?"

"ನಂದಲ್ಲ ಕಣ್ಣು ಅಂತ."

ನನ್ನದಲ್ಲ ಎಂದು ಹೇಳುವುದು ಸುಲಭವಿರಲಿಲ್ಲ. ಆಸೆ ಕಣ್ಣಲ್ಲಿ ಬರುತ್ತದೆ ಎಂದಿದ್ದರಲ್ಲ, ಆಸೆಯಂತೂ ಇತ್ತು.

ಅಮಾವಾಸ್ಯೆಯ ದಿನ ಬಂತು. ಊರಿನ ಸಾಬರ ತೋಟದಿಂದ ಮಗ ಹಿಂದಿನ ದಿನ ಒಂದು ಚೀಲ ನಿಂಬೆಹಣ್ಣು ತಂದಿದ್ದ. ನನಗೆ ಕೈಯಾಡಿಸಲು ಏನಾದರೂ ಬೇಕಿತ್ತು, ಉಪ್ಪಿನಕಾಯಿ ಹಾಕಲು ಕೂತೆ. ಮಡಕೆಯಲ್ಲಿದ್ದ ಕಲ್ಲುಪ್ಪನ್ನೆಲ್ಲ ಬಾಣಲೆಗೆ ಸುರಿದು ಹುರಿದೆ. ಮೊದಲು ಚಿಟಚಿಟ, ಆಮೇಲೆ ಪಟಪಟ, ನಡುವೆ ಒಂದೊಂದು ಢಬ್. ದಾರಿಯವರು, ಬೀದಿಯವರು, ಮನೆಯವರು ಎಲ್ಲರೂ ಸಾಲಾಗಿ ಬಂದು ಹೋದರು. ನಾನು ಯಾರ ಮೇಲೂ ಅದನ್ನು ನಿವಾಳಿಸಿರಲಿಲ್ಲ. ನಿಂಬೆಹಣ್ಣಿಗೆ ಯಾರ ಕಣ್ಣು ಬಿದ್ದಿತ್ತು? ಕೈಯಾಡಿಸುತ್ತಾ ಹೋದ ಹಾಗೆ ಸದ್ದು ಅಪರೂಪವಾಗಿ, ಕೊನೆಗೆ ಪೂರಾ ನಿಂತಿತು. ಅಲ್ಲಿಗೆ ಉಪ್ಪು ಹದವಾಯಿತು. ಒಲೆಯಿಂದಿಳಿಸಿ, ಆರಲೆಂದು ಬಿಳಿ ಜಾಡಿಗೆ ಹಾಕಿಟ್ಟೆ. ಪುಡಿ ಮಾಡುವುದು ಸಂಜೆಗಾಯಿತು ಎಂದುಕೊಂಡೆ.

ನಮ್ಮ ಕಡೆ ಈ ಕೆಲಸ ಮಾಡದ ಹೆಂಗಸಿಲ್ಲ. "ಇನ್ನೂ ಸಿಡೀತಾ ಅದೆ, ನೀರ್ ಓಗಿಲ್ಲ, ಇನ್ನೊಂದಿಷ್ಟು ಉರಿ" ಎಂದು ಒಬ್ಬರಿಗೊಬ್ಬರು ಹೇಳಿಕೊಡುತ್ತೇವೆ. ಹೋದ ಬೇಸಿಗೆಯಲ್ಲಿ ಮೊಣಕೈಗೆ ಹರಳು ತಗಲಿದ ಮೇಲೆ ನೀನು ನಿನ್ನ ಪುಸ್ತಕ ತಂದು ಓದಿ ಹೇಳಿದ್ದೂ ಅದನ್ನೇ ಅಲ್ಲವೇ? ಸಮುದ್ರದ ನೀರು ಇಂಗಿ ಉಪ್ಪು ಹರಳುಗಟ್ಟುವಾಗ ಕಣ್ಣಿಗೆ ಕಾಣದಷ್ಟು ನೀರು ಅದರ ಹೊಟ್ಟೆಯೊಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಬೆಂಕಿ ತಾಗಿದರೆ ಆ ನೀರು ಆವಿಯಾಗಿ ಹಿಗ್ಗುತ್ತದೆ. ಹರಳಿಗೆ ಹಿಗ್ಗಲು ಬರುವುದಿಲ್ಲ, ಹೊರಗೆ ಬಿಡಲು ಬಾಗಿಲೂ ಇಲ್ಲ. ಆದ್ದರಿಂದ ಒಡೆಯುತ್ತದೆ. ಪುಡಿಯುಪ್ಪಿನ ಕಣ ಸಣ್ಣದು, ಒಳಗೆ ನೀರಿಗೆ ಜಾಗ ಕಡಿಮೆ, ಅದಕ್ಕೆ ಸದ್ದೂ ಕಡಿಮೆ. ಪಟಿಕದಲ್ಲಿ ನೀರು ಸಿಕ್ಕಿಕೊಂಡಿರುವುದಲ್ಲ, ಅದರ ಮೈಯಲ್ಲೇ ಬೆರೆತಿರುವುದು, ಅದಕ್ಕೇ ಅದು ಒಡೆಯದೆ ಬೆವರಿ ಉಬ್ಬುತ್ತದೆ. ಗಣಿ ಕಡೆ ಬಿದ್ದಿರುವ ಬೆಣಚುಕಲ್ಲು ಮಾತ್ರ ಉಪ್ಪಿನ ಹಾಗೇ. ಒಮ್ಮೆ ನಿಮ್ಮ ತಾತ ನೋಡಲು ಚೆನ್ನಾಗಿದೆಯೆಂದು ಒಂದನ್ನು ತಂದು ಬಚ್ಚಲ ಒಲೆಗೆ ಹಂಡೆ ಕೂರಿಸುವ ಗುಂಡುಕಲ್ಲಾಗಿ ಇಟ್ಟರು. ನೀರು ಕಾಯುವ ಮೊದಲೇ ಅದು ಸಿಡಿದು ಹಂಡೆಗೆ ನೆಗ್ಗು ಬಿತ್ತು. ಆಗ ಯಾರೂ ಕಲ್ಲಿಗೆ ದೃಷ್ಟಿ ಎನ್ನಲಿಲ್ಲ. ಬೆಣಚುಕಲ್ಲು ತಂದು ಒಲೆಗಿಡುವ ಗಂಡಸಿಗೆ ಬುದ್ಧಿಯಿಲ್ಲ ಎಂದು ನಮ್ಮತ್ತೆ ಬೈದರು, ಅಷ್ಟೇ.

ಅಂದರೆ ಉಪ್ಪು ಯಾಕೆ ಸಿಡಿಯುತ್ತದೆಂದು ಮಧ್ಯಾಹ್ನ ಎಲ್ಲರಿಗೂ ಗೊತ್ತಿರುತ್ತದೆ. ಸಂಜೆ ಮಾತ್ರ ಮರೆತುಹೋಗುತ್ತದೆ. ಅಡುಗೆಮನೆಯಲ್ಲಿ ತಿಳಿದದ್ದು ಬಚ್ಚಲ ಒಲೆಯವರೆಗೆ ನಡೆದು ಬರುವುದಿಲ್ಲ, ನಡುವೆ ಎಲ್ಲೋ ಕೂತುಬಿಡುತ್ತದೆ.

ದೀಪ ಹಚ್ಚುವ ಹೊತ್ತಿಗೆ ಬೀಗಿತ್ತಿ ಬಂದರು. ಬಂಗಾರಪೇಟೆಯಿಂದಲೇ ಆಟೋ ಮಾಡಿಕೊಂಡು, ಹಿಂದಿರುಗಲಿಕ್ಕೂ ಅದನ್ನೇ ಮಾತಾಡಿಕೊಂಡು ಬಂದಿದ್ದರು. ಆಟೋದ ಸೀಟಿನ ಮೇಲೆ ಕೂಸಿನ ಹೊಸ ಹಾಸಿಗೆ ಮಡಿಸಿಟ್ಟಿತ್ತು. ಉಪ್ಪು ಏನು ಹೇಳುವುದೆಂದು ಉಪ್ಪಿಗಿಂತ ಮೊದಲೇ ಹಾಸಿಗೆಗೆ ತಿಳಿದಿದ್ದಂತಿತ್ತು. ಮಗಳು ಕೋಣೆಯಲ್ಲಿ ಬಟ್ಟೆ ಮಡಿಸತೊಡಗಿದಳು.

ನಾನು ಎಂದಿನಂತೆ ಬಾಗಿಲ ಹಿಂದೆ ನಿಂತೆ. ಬೀಗಿತ್ತಿ ಸೆರಗು ಸಿಕ್ಕಿಸಿ ಕೂತು, "ಉಪ್ಪು ತಾರಮ್ಮಾ. ಈ ಮನೇದೇ ಆಗ್ಬೇಕು. ಪುಡಿ ಉಪ್ಪಲ್ಲ, ಕಲ್ಲುಪ್ಪು" ಎಂದರು. ಸೊಸೆ ಒಳಗೆ ಓಡಿದಳು. ನೀನು ಆಗಲೇ ಶುರುಮಾಡಿದ್ದೆ. ಆ ಗಲಾಟೆಯಲ್ಲಿ ಅವಳು ಏನು ತಂದಳೋ ಯಾರೂ ನೋಡಲಿಲ್ಲ, ಒಂದು ಮುಷ್ಟಿ ತಂದು ಅವರ ಕೈಗೆ ಸುರಿದಳು. ಅವರು ನಿವಾಳಿಸಿ, ನೆನೆಯಬೇಕಾದವರನ್ನೆಲ್ಲ ನೆನೆದು, ಕೆಂಡಕ್ಕೆ ಹಾಕಿ ಕಿವಿಗೊಟ್ಟರು.

ಏನೂ ಇಲ್ಲ.

ಎಲ್ಲರೂ ಕಾದರು. ಮಗ ಬಗ್ಗಿ ನೋಡಿದ. ಹರಳುಗಳು ಕೆಂಡದ ಮೇಲೆ ಕೂತು ಒಳ್ಳೆಯ ಮಕ್ಕಳಂತೆ ಸುಮ್ಮನೆ ಕೆಂಪಾಗುತ್ತಿದ್ದವು. ಒಂದು ಚಿಟ್ ಇಲ್ಲ. ಆಗ ನನಗೆ ತಿಳಿಯಿತು. ಮಡಕೆ ಖಾಲಿ, ಇದು ಜಾಡಿಯ ಉಪ್ಪು. ಮಧ್ಯಾಹ್ನವೇ ಅದು ಹೇಳಬೇಕಾದ್ದನ್ನೆಲ್ಲ ನನ್ನ ಬಾಣಲೆಯಲ್ಲಿ ಹೇಳಿ ಮುಗಿಸಿತ್ತು.

ಸರಿ, ಗೆದ್ದೆ ಎಂದುಕೊಂಡೆ. ಸಿಡಿದರೆ ದೃಷ್ಟಿ, ಸಿಡಿಯಲಿಲ್ಲ. ಬೀಗಿತ್ತಿಯ ಮುಖ ನೋಡಿದೆ. ಅದು ಬಿಳಿಚಿಕೊಂಡಿತ್ತು. ಆದರೆ ಅವರು ಸೋಲುವವರಲ್ಲ.

"ಬಾಯ್ ಕಟ್ಬಿಟ್ಟದೆ," ಎಂದರು ಮೆಲ್ಲಗೆ. "ಅಯ್ಯೋ ಸಾಮೀ, ಉಪ್ಪಿನ್ ಬಾಯೇ ಕಟ್ಬಿಟ್ಟದೆ. ನನ್ ಸರ್ವೀಸ್ನಾಗೆ ಇಂತಾ ಕಣ್ಣು ನೋಡೇ ಇಲ್ಲ. ಎತ್ಕೋಳಮ್ಮಾ ಮಗೀನ."

ಮಗನಿಗೆ ತಡೆಯಲಾಗಲಿಲ್ಲ. "ಏನತ್ತೆ ನೀವು? ಅವತ್ತು ಸಿಡೀತು, ದಿಷ್ಟಿ ಅಂದ್ರಿ. ಇವತ್ ಸಿಡೀಲಿಲ್ಲ, ಜಾಸ್ತಿ ದಿಷ್ಟಿ ಅಂತೀರಿ?"

"ಮೈ ಸುಟ್ರೂ ಕಾಯ್ಲೆ, ಮೈ ತಣ್ಣಗಾದ್ರೂ ಕಾಯ್ಲೆ ಅಲ್ವೇನಪ್ಪಾ? ತಣ್ಣಗಾಗೋದೇ ಜಾಸ್ತಿ ಕಾಯ್ಲೆ."

ಮಗಳು ಗಂಟು ತಂದು ಹೊಸಿಲ ಹತ್ತಿರ ಇಟ್ಟಳು. ಹೊರಗೆ ಆಟೋದವನು ಎಂಜಿನ್ನು ಶುರುಮಾಡಿದ. ಆ ಸದ್ದಿಗೆ ನಿನ್ನ ಅಳು ಇನ್ನೂ ಜೋರಾಯಿತು. ಅದು ಕೇಳಿ ನನ್ನ ಕಾಲು ಬಾಗಿಲು ದಾಟಿ ಬಂದಿತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ವಾದ ಮಾಡಲು ನನಗೆ ಬರುವುದಿಲ್ಲ. ಗೊತ್ತಿದ್ದದ್ದು ಅಡುಗೆ ಮಾತು ಒಂದೇ.

"ಸಂಬಂಧಿ, ಉಪ್ಪಿನ್ಕಾಯ್ಗೆ ನಿಮ್ಮನೇಲಿ ಉಪ್ಪು ಉರೀತೀರಾ?"

ಹಾಸಿಗೆ ಹೊತ್ತು ಆಟೋ ನಿಂತಿರುವಾಗ ಇದೆಂಥ ಪ್ರಶ್ನೆ ಎಂದು ಅವರು ನನ್ನನ್ನು ನೋಡಿದರು. ಆದರೆ ಉಪ್ಪಿನಕಾಯಿಯ ವಿಷಯ ಕೇಳಿದರೆ ಉತ್ತರ ಕೊಡದೆ ಹೋಗುವ ಹೆಂಗಸೂ ಅವರಲ್ಲ. "ಉರೀದೆ? ನಮ್ಮನೆ ಉಪ್ಪಿನ್ಕಾಯಿ ವರ್ಸಗಟ್ಲೆ ಇರ್ತದೆ, ಬೂಷ್ಟು ಅನ್ನೋದೇ ಕಾಣಲ್ಲ."

"ಎಷ್ಟೊತ್ ಉರೀತೀರಿ?"

"ಚಟಚಟ ನಿಲ್ಲೋಗಂಟ."

"ಯಾಕೆ ಚಟಚಟ ಅಂತದೆ?"

"ಒಳಗ್ ನೀರಿರ್ತದಲ್ಲ ಸಂಬಂಧಿ! ಸಮುದ್ರದ್ ವಸ್ತು ಅದು. ಬಿಸಿ ತಾಕಿದ್ರೆ ನೀರು ಒಡ್ಕೊಂಡ್ ಬತ್ತದೆ. ಒಂದ್ಸಲ ನೀರ್ ಓಯ್ತು ಅಂದ್ರೆ ಆಮ್ಯಾಕೆ ಅದ್ನ ಬೆಂಕೀಗೇ ಆಕಿದ್ರೂ ಕಮಕ್ ಕಿಮಕ್..."

ಅಲ್ಲಿಗೆ ಮಾತು ನಿಂತಿತು. ಅವರ ಕಣ್ಣು ಒಲೆಯ ಕಡೆ ಹೋಯಿತು, ಅಲ್ಲಿಂದ ಸೊಸೆಯ ಕಡೆ.

"ಮಡಕೇಲಿ ಕಾಲಿ ಆಗಿತ್ತು," ಎಂದಳು ಸೊಸೆ ಸಣ್ಣ ದನಿಯಲ್ಲಿ. "ಅದ್ಕೆ ಜಾಡೀಲಿರೋದ್ ತಂದೆ."

"ನಿಂಬೆಕಾಯ್ಗೆ ಅಂತ ಮದ್ಯಾನ ನಾನೇ ಉರ್ದಿದ್ದು," ಎಂದೆ ನಾನು.

ಮಗ ಟವಲಿನಿಂದ ಬಾಯಿ ಒತ್ತಿ ಹಿಡಿದು ಕೊಟ್ಟಿಗೆಗೆ ಹೋದ. ಅಲ್ಲಿಂದ ಕೆಮ್ಮಿನಂಥ ಸದ್ದು ಬಹಳ ಹೊತ್ತು ಬಂತು. ಮಗಳು ಗಂಟನ್ನು ಕಾಲಿನಿಂದ ಮೆಲ್ಲಗೆ ಒಳಕ್ಕೆ ತಳ್ಳಿದಳು. ಕೆಂಡದ ಬೆಳಕಲ್ಲಿ ಬೀಗಿತ್ತಿ ನನಗೆ ಮೊದಲ ಸಲ ದೊಡ್ಡ ಮನುಷ್ಯರಂತೆ ಕಾಣಲಿಲ್ಲ. ಆಟೋದಲ್ಲಿದ್ದ ಹಾಸಿಗೆ ನೆನಪಾಯಿತು. ಹೊಸ ಬಟ್ಟೆ, ಅಂಚಿಗೆ ಸುತ್ತಲೂ ಕೈಹೊಲಿಗೆ ಹಾಕಿತ್ತು. ಅಷ್ಟು ಹೊಲಿಯಲು ಹೊತ್ತು ಹಿಡಿಯುತ್ತದೆ. ಅವರಿಗೂ ನೀನು ಮೊದಲ ಮೊಮ್ಮಗು. ಬಾಣಂತನ ತೌರುಮನೆಯದು ಎಂದು ಲೋಕ ಒಪ್ಪಿದ ಮೇಲೆ, ಐದು ತಿಂಗಳು ಕಾಯಲಾರೆ ಎಂದು ಅವರು ಯಾವ ಬಾಯಲ್ಲಿ ಹೇಳಬೇಕಿತ್ತು? ನನಗೆ ಮಾತು ಬರುತ್ತಿರಲಿಲ್ಲ, ಅವರಿಗೆ ಆ ಒಂದು ಮಾತು ಬರುತ್ತಿರಲಿಲ್ಲ. ಅವರ ಬದಲು ಉಪ್ಪು ಮಾತಾಡಿತ್ತು.

"ಆಟೋ ಕಳಿಸ್ಬಿಡಿ ಸಂಬಂಧಿ," ಎಂದೆ. "ಆಸಿಗೆ ಇಳಿಸ್ಲಿ. ನೀವೇ ಇಲ್ಲಿರಿ ಒಂದಷ್ಟ್ ದಿನ. ಎರೆಯೋಕೆ ಇಬ್ರಾದ್ರೆ ಸರಿ ಓಯ್ತದೆ."

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ಒರೆಸಿಕೊಂಡು ಎದ್ದಾಗ ಮತ್ತೆ ಮೊದಲಿನವರೇ ಆಗಿದ್ದರು. "ನಾನ್ ಆಗ್ಲೇ ಅಂದ್ಕಂಡೆ. ಉರ್ದಿರೋ ಉಪ್ಪಿರೋ ಮನೇಲಿ ದಿಷ್ಟಿ ನಿಲ್ಲೋಕ್ ಜಾಗಾನೇ ಇಲ್ಲ. ಒಳಗೆ ನೀರಿದ್ರೆ ತಾನೇ ಕಣ್ಣು ಕೂರೋದು? ನೀರೇ ಇಲ್ಲ!" ಎಂದರು.

ಯಾರೂ ಎದುರಾಡಲಿಲ್ಲ. ಎದುರಾಡಿದ್ದರೆ ಮತ್ತೆ ಹಾಸಿಗೆ ಆಟೋ ಹತ್ತುತ್ತಿತ್ತು. ಹಾಸಿಗೆ ಇಳಿಸಿಕೊಟ್ಟ ಆಟೋದವನು ಇಷ್ಟನ್ನೂ ಹೊರಗಿಂದ ಕೇಳಿಸಿಕೊಂಡಿದ್ದ. ಒಳಗೆ ಇಣುಕಿ, "ಅಮ್ಮಾ, ನನ್ ಗಾಡೀಗೂ ವಾರದಿಂದ ಸರಿ ಇಲ್ಲ, ಅದೇ ಉಪ್ಪು ಚೂರ್ ಆಕಿ ನೋಡ್ತೀರಾ?" ಎಂದ. ಬೀಗಿತ್ತಿ ಜಾಡಿಯಿಂದ ಒಂದು ಮುಷ್ಟಿ ತರಿಸಿ ಆಟೋವನ್ನು ಮೂರು ಸುತ್ತು ಸುತ್ತಿ ಬಂದು ಕೆಂಡಕ್ಕೆ ಹಾಕಿದರು. ಉಪ್ಪು ಸುಮ್ಮನಿತ್ತು. ಗಾಡಿಗೆ ಏನೂ ಆಗಿಲ್ಲವೆಂದು ಅವನು ಸಂತೋಷದಿಂದ ಹೊರಟ. ಊರ ಗೇಟು ದಾಟುವ ಮೊದಲೇ ಅದು ನಿಂತಿತು, ಮಗ ಹೋಗಿ ತಳ್ಳಿ ಬಂದ.

ಅವರ ಬೀದಿಯಲ್ಲಿ ಈಗಲೂ ಹೊಸ ಮಗು ಹುಟ್ಟಿದ ಮನೆಗೆ ಹುರಿದ ಉಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಕೊಡುವ ಪದ್ಧತಿ ಇದೆ. ನಾನು ಬಾಯಿ ಬಿಟ್ಟು ಹೇಳಿದ ಒಂದೇ ಒಂದು ಸತ್ಯ ಅಲ್ಲಿಗೆ ಹೋಗಿ ತಾಯಿತವಾಗಿದೆ. ನೀನು ನಿನ್ನ ವಿಜ್ಞಾನದ ಪುಸ್ತಕ ತೆಗೆದುಕೊಂಡು ಹೋಗಿ ಆ ಅಜ್ಜಿಗೆ ತಿಳಿಸಿಹೇಳುತ್ತೇನೆ ಎಂದೆಯಲ್ಲ, ಹೋಗು. ಅವರಿಗೆ ಅದೆಲ್ಲ ಗೊತ್ತು. ನಿನಗಿಂತ ಚೆನ್ನಾಗಿ ಹೇಳುತ್ತಾರೆ. ಆಮೇಲೆ ನಿನಗೇ ನಿವಾಳಿಸಿ ಕಳಿಸುತ್ತಾರೆ.

ಆ ಅಮಾವಾಸ್ಯೆಯ ಸಂಜೆ ನಾನು ಬಚ್ಚಲಲ್ಲಿ ಕಾಲು ಚಾಚಿ ಕೂತೆ. ಬೀಗಿತ್ತಿಯೇ ನಿನ್ನನ್ನು ತಂದು ನನ್ನ ಕಾಲ ಮೇಲೆ ಮಲಗಿಸಿದರು. ನಾನು ಎಣ್ಣೆ ತಿಕ್ಕಿದೆ, ಅವರು ಹಂಡೆಯಿಂದ ನೀರು ಮೊಗೆದು, ಮೊಣಕೈಯಲ್ಲಿ ಬಿಸಿ ನೋಡಿ, ಬೆರೆಸಿ ಕೊಟ್ಟರು. "ಕತ್ತು ಇಡ್ಕಳಿ ಸಂಬಂಧಿ" ಎಂದರು ಅವರು. "ಇಡ್ದಿವ್ನಿ" ಎಂದೆ ನಾನು. ನೀನು ಎಂದಿನ ಹಾಗೆ, ಮುಷ್ಟಿ ಬಿಗಿದು, ಮುಖ ಕೆಂಪು ಮಾಡಿಕೊಂಡು ಅತ್ತೆ. ಯಾರೂ ಒಲೆಯ ಕಡೆ ನೋಡಲಿಲ್ಲ.